ವರ್ತಕನ ಬಾಗಿಲು ಮತ್ತು ಸಿಪಾಯಿ: ಶರಣದೃಷ್ಟಿಯ ಒಂದು ವಿಚಾರ

ಗೃಹಸ್ಥನಾದ ಸದ್ಭಕ್ತನಿಗೆ ಎರಡು ಬಾಗಿಲುಗಳುಂಟು. ಒಂದು ಮನೆಯ ಬಾಗಿಲು, ಮತ್ತೊಂದು ಕಾಯಕದ ಬಾಗಿಲು. ಮನೆಯ ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂಬುದು ಬಹುಮಟ್ಟಿಗೆ ಅವನ ಇಚ್ಛೆಗೆ ಸೇರಿದ ವಿಷಯ. ಆದರೆ ಬೀದಿಗೆ ಮುಖಮಾಡಿ, ಹೆಸರಿನ ಹಲಗೆ ತೂಗುಹಾಕಿ, ಬನ್ನಿರೆಂದು ಲೋಕವನ್ನೆಲ್ಲ ಕರೆಯುವ ಅಂಗಡಿ, ಖಾನಾವಳಿ, ವಸತಿಗೃಹಗಳ ಬಾಗಿಲು ಎಷ್ಟರಮಟ್ಟಿಗೆ ಅವನೊಬ್ಬನ ಇಚ್ಛೆಗೆ ಸೇರಿದುದು? ಕರೆಗೆ ಓಗೊಟ್ಟು ಬಂದವರಲ್ಲಿ ಒಬ್ಬನನ್ನು ಆರಿಸಿ, ಅವನು ಮಾಡುವ ವೃತ್ತಿಯ ಕಾರಣಕ್ಕಾಗಿಯೇ ಅವನನ್ನು ಹೊರಗೆ ನಿಲ್ಲಿಸುವ ಅಧಿಕಾರ ವರ್ತಕನಿಗೆ ಉಂಟೆ? ಉಂಟೆಂದರೆ ಅದು ಧರ್ಮಸಮ್ಮತವೆ? ಇಲ್ಲವೆಂದರೆ ರಾಜ್ಯದ ಕಾಯಿದೆಯು ಅದನ್ನು ತಡೆಯಬೇಕೆ?

ಈ ಪ್ರಶ್ನೆಯು ತೊಡಕಿನ ರೂಪದಲ್ಲಿ ಎದ್ದುದು ಇಂಗ್ಲೆಂಡು ಮತ್ತು ಅಮೇರಿಕಾ ದೇಶಗಳಲ್ಲಿ, ಸಿಪಾಯಿಯ ವಿಷಯದಲ್ಲಿ. ಸಮವಸ್ತ್ರ ಧರಿಸಿದವನಿಗೆ ಊಟವನ್ನೋ ವಸತಿಯನ್ನೋ ಕೊಡೆನೆನ್ನುವ ಹಕ್ಕು ವ್ಯಾಪಾರಿಗೆ ಇರಬೇಕೆ ಬೇಡವೆ ಎಂಬ ಚರ್ಚೆ ಅಲ್ಲಿ ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ. ದೂರದೇಶದ ಈ ವ್ಯಾಜ್ಯದಿಂದ ಕನ್ನಡನಾಡಿನ ಶಿವಭಕ್ತರಿಗೆ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಕಾಯಕವೆಂದರೇನು, ದಾಸೋಹವೆಂದರೇನು, ಮನುಷ್ಯನನ್ನು ಅವನ ವೃತ್ತಿಯಿಂದ ಅಳೆಯಬಹುದೆ ಎಂಬ ಮೂಲ ಪ್ರಶ್ನೆಗಳೇ ಈ ವ್ಯಾಜ್ಯದ ಒಡಲಲ್ಲಿ ಅಡಗಿವೆ. ಆದುದರಿಂದ ಶರಣಧರ್ಮದ ಒರೆಗಲ್ಲಿನ ಮೇಲೆ ಇದನ್ನು ಒಮ್ಮೆ ತಿಕ್ಕಿ ನೋಡುವುದು ವ್ಯರ್ಥವಾಗದು.

ಮೊದಲು ನಡೆದ ಸಂಗತಿಗಳನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯ ಸಿಪಾಯಿಯು ಕೀಳುದರ್ಜೆಯವನೆಂದೇ ಎಣಿಸಲ್ಪಡುತ್ತಿದ್ದನು. ರಡ್ಯರ್ಡ್ ಕಿಪ್ಲಿಂಗ್ ಕವಿಯು 1890ರಲ್ಲಿ ಪ್ರಕಟಿಸಿದ 'ಟಾಮಿ' ಎಂಬ ಕವನದ ವಸ್ತುವೇ ಇದು. ಶಾಂತಿಕಾಲದಲ್ಲಿ ಮದ್ಯಗೃಹದಿಂದಲೂ ನಾಟಕಶಾಲೆಯಿಂದಲೂ ಹೊರದೂಡಿಸಿಕೊಳ್ಳುವ ಸಿಪಾಯಿಯನ್ನೇ ಯುದ್ಧ ಬಂದೊಡನೆ ಜನ ಹಾಡಿ ಹೊಗಳುತ್ತಾರೆಂಬ ಕಹಿ ಅದರಲ್ಲಿದೆ. ಅಮೇರಿಕೆಯಲ್ಲಿಯೂ ಪರಿಸ್ಥಿತಿ ಬೇರೆಯಾಗಿರಲಿಲ್ಲ. ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಪಟ್ಟಣದಲ್ಲಿ 1906ರಲ್ಲಿ ನೌಕಾಪಡೆಯ ಗುಮಾಸ್ತ ದರ್ಜೆಯ ಒಬ್ಬ ಹಳೆಯ ನಾವಿಕನು ಟಿಕೇಟು ಕೊಂಡು ನೃತ್ಯಮಂದಿರಕ್ಕೆ ಹೋದನು. ಸಮವಸ್ತ್ರ ತೊಟ್ಟಿದ್ದಾನೆಂಬ ಒಂದೇ ಕಾರಣದಿಂದ ಅವನನ್ನು ಒಳಗೆ ಬಿಡಲಿಲ್ಲ. ಅವನು ನ್ಯಾಯಾಲಯದ ಮೆಟ್ಟಿಲೇರಿದನು. ರಾಷ್ಟ್ರಾಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟರು ವ್ಯಾಜ್ಯದ ವೆಚ್ಚಕ್ಕೆಂದು ತಮ್ಮ ಕೈಯಿಂದ 100 ಡಾಲರು ಕಳುಹಿದರು. ಆದರೂ 1908ರಲ್ಲಿ ಆ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಮಾಲಿಕರ ಪಕ್ಷವಾಗಿಯೇ ತೀರ್ಪಿತ್ತಿತು. ವಿನೋದಮಂದಿರದ ಟಿಕೇಟು ಕೇವಲ ಒಂದು ಅನುಮತಿ; ಮಾಲಿಕನು ಬೇಕಾದಾಗ ಅದನ್ನು ಹಿಂದಕ್ಕೆ ಪಡೆಯಬಹುದು ಎಂಬುದು ಅದರ ಸಾರ.

ಅದಾದ ಮೂರು ವರ್ಷಕ್ಕೆ, 1911ರಲ್ಲಿ, ಅಮೇರಿಕೆಯ ಶಾಸನಸಭೆಯು ಒಂದು ಕಾಯಿದೆ ಮಾಡಿತು. ರಾಜಧಾನಿಯಾದ ವಾಷಿಂಗ್ಟನ್ ಜಿಲ್ಲೆಯಲ್ಲಿಯೂ ಕೇಂದ್ರದ ಆಡಳಿತಕ್ಕೆ ಒಳಪಟ್ಟ ಪ್ರಾಂತಗಳಲ್ಲಿಯೂ ನಾಟಕಶಾಲೆ ಮುಂತಾದ ಸಾರ್ವಜನಿಕ ವಿನೋದಸ್ಥಾನಗಳ ಮಾಲಿಕರು ಸಮವಸ್ತ್ರಧಾರಿಯನ್ನು ಅವನ ಸಮವಸ್ತ್ರದ ದೆಸೆಯಿಂದ ಭೇದಭಾವಕ್ಕೆ ಗುರಿಮಾಡಿದರೆ ದಂಡ ತೆರಬೇಕು ಎಂಬುದು ಅದರ ವಿಧಿ. ಆ ವಿಧಿ ಇಂದಿಗೂ ಉಳಿದಿದೆ. ನ್ಯೂಯಾರ್ಕ್, ವಾಷಿಂಗ್ಟನ್, ಇಲಿನಾಯ್ ಮೊದಲಾದ ರಾಜ್ಯಗಳು ಸೈನಿಕಸ್ಥಿತಿಯ ಕಾರಣದಿಂದ ಸಾರ್ವಜನಿಕ ಸ್ಥಳಗಳಲ್ಲಿ ಭೇದ ಮಾಡಬಾರದೆಂದು ತಮ್ಮ ಕಾಯಿದೆಗಳಲ್ಲಿ ಸೇರಿಸಿಕೊಂಡಿವೆ. ಆದರೆ ಇಡೀ ದೇಶಕ್ಕೆ ಅನ್ವಯಿಸುವ 1964ರ ನಾಗರಿಕ ಹಕ್ಕುಗಳ ಕಾಯಿದೆಯು ಹೋಟೆಲು, ಊಟದ ಮನೆ, ನಾಟಕಶಾಲೆಗಳಲ್ಲಿ ತಡೆದುದು ಜನಾಂಗ, ವರ್ಣ, ಮತ, ರಾಷ್ಟ್ರಮೂಲಗಳ ಭೇದವನ್ನು ಮಾತ್ರ. ವೃತ್ತಿಯ ಮಾತು ಅದರಲ್ಲಿಲ್ಲ. ಇಂಗ್ಲೆಂಡಿನ 2010ರ ಸಮಾನತಾ ಕಾಯಿದೆಯು ಒಂಬತ್ತು ಲಕ್ಷಣಗಳಿಗೆ ರಕ್ಷಣೆ ಕೊಟ್ಟಿತು. ಸಿಪಾಯಿಯ ವೃತ್ತಿ ಅವುಗಳಲ್ಲಿ ಒಂದಲ್ಲ. ಆ ಕಾಯಿದೆಗೆ ಎರಡು ವರ್ಷ ಮೊದಲು, 2008ರಲ್ಲಿ, ಅಫ್ಘಾನಿಸ್ತಾನದಲ್ಲಿ ಗಾಯಗೊಂಡು ರಜೆಯ ಮೇಲೆ ಬಂದಿದ್ದ ಒಬ್ಬ ಸಿಪಾಯಿಗೆ ದಕ್ಷಿಣ ಇಂಗ್ಲೆಂಡಿನ ಒಂದು ಹೋಟೆಲಿನವರು ಸೈನಿಕರಿಗೆ ಕೋಣೆ ಕೊಡುವುದಿಲ್ಲವೆಂದು ಹೇಳಿ ಕಳುಹಿದರು. ಅವನು ಆ ರಾತ್ರಿಯನ್ನು ತನ್ನ ಕಾರಿನಲ್ಲಿಯೇ ಕಳೆದನು. ಆ ದೇಶವೆಲ್ಲ ಆಗ ಈ ಪ್ರಶ್ನೆಯನ್ನು ಮತ್ತೆ ಕೇಳಿಕೊಂಡಿತು.

ಸಿಪಾಯಿಯನ್ನು ಹಿಂದಕ್ಕೆ ಕಳುಹಬಹುದು ಎನ್ನುವವರ ಮಾತುಗಳನ್ನು ಮೊದಲು ಸಮಚಿತ್ತದಿಂದ ಕೇಳಬೇಕು. ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳದೆ ಸಿದ್ಧಾಂತಕ್ಕೆ ಹಾರುವುದು ಅನುಭವಮಂಟಪದ ಪದ್ಧತಿಯಲ್ಲ. ಅವರ ವಾದಗಳು ನಾಲ್ಕು. ಅಂಗಡಿ ವರ್ತಕನ ಸ್ವಂತ ಸೊತ್ತು. ಯಾರೊಡನೆ ವ್ಯವಹರಿಸಬೇಕೆಂಬುದು ಅವನ ಸ್ವಾತಂತ್ರ್ಯ. ಇದು ಮೊದಲನೆಯದು. ಜಾತಿ, ವರ್ಣಗಳು ಹುಟ್ಟಿನಿಂದ ಬಂದವು, ಅವುಗಳನ್ನು ಬಿಡಲು ಬಾರದು. ಸಿಪಾಯಿಯ ವೃತ್ತಿಯಾದರೋ ಅವನೇ ಆಯ್ದುಕೊಂಡದ್ದು, ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇದು ಎರಡನೆಯದು. ಯುದ್ಧವು ಹಿಂಸೆ, ಹಿಂಸೆಯು ಪಾಪ. ಹಾಗೆಂದು ಮನಸಾರೆ ನಂಬಿದ ವರ್ತಕನನ್ನು ಸಿಪಾಯಿಯ ಸೇವೆಗೆ ಬಲಾತ್ಕರಿಸುವುದು ಅಂತಃಸಾಕ್ಷಿಯ ಮೇಲೆ ಮಾಡಿದ ಆಕ್ರಮಣ. ಇದು ಮೂರನೆಯದು. ದಂಡು ಇಳಿದ ಊರುಗಳಲ್ಲಿ ಸಿಪಾಯಿಗಳು ಕುಡಿದು ಗಲಭೆಯೆಬ್ಬಿಸಿ ಉಳಿದ ಗಿರಾಕಿಗಳನ್ನು ಓಡಿಸುವುದುಂಟು. ವರ್ತಕನು ತನ್ನ ವ್ಯಾಪಾರವನ್ನು ಕಾಪಾಡಿಕೊಳ್ಳಬಾರದೆ? ಇದು ನಾಲ್ಕನೆಯದು.

ನಾಲ್ಕನೆಯದಕ್ಕೆ ಸಮಾಧಾನ ಸುಲಭ. ಗಲಭೆ ಮಾಡಿದವನನ್ನು ಹೊರಗೆ ಹಾಕಲಿ. ಅವನು ಸಿಪಾಯಿಯಾದರೂ ಸರಿ, ಸಾಹುಕಾರನಾದರೂ ಸರಿ. ಒಬ್ಬನ ತಪ್ಪಿಗಾಗಿ ಅವನಂತೆ ಬಟ್ಟೆ ತೊಟ್ಟ ಸಾವಿರ ಜನರನ್ನು ದಂಡಿಸುವುದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ಉಳಿದ ಮೂರು ವಾದಗಳು ಹೀಗೆ ಸುಲಭವಾಗಿ ಬಗೆಹರಿಯತಕ್ಕವಲ್ಲ.

ಸೊತ್ತಿನ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಸಿಪಾಯಿಗೆ ಬಾಗಿಲು ಮುಚ್ಚುವ ಹಕ್ಕಿಗಾಗಿ ಜನರು ಹಿಂದೆ ಹೋರಾಡಿದ್ದಾರೆ. ಇಂಗ್ಲೆಂಡಿನ ಪಾರ್ಲಿಮೆಂಟು 1628ರಲ್ಲಿ ದೊರೆಗೆ ಅರ್ಪಿಸಿದ ಹಕ್ಕುಗಳ ಬಿನ್ನಹದಲ್ಲಿ, ದಂಡನ್ನು ಪ್ರಜೆಗಳ ಮನೆಗಳಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ ಇಳಿಸುವುದನ್ನು ಒಂದು ದೊಡ್ಡ ಅನ್ಯಾಯವೆಂದು ತೋಡಿಕೊಂಡಿದ್ದಿತು. ಅದೇ ಪಾರ್ಲಿಮೆಂಟು 1765ರಲ್ಲಿ, ಅಮೇರಿಕೆಯ ವಸಾಹತುಗಳಲ್ಲಿ ಸಿಪಾಯಿಗಳಿಗೆ ಪಾಳೆಯಗಳಲ್ಲಿ ಸ್ಥಳ ಸಾಲದಿದ್ದರೆ ವಸತಿಗೃಹ, ಮದ್ಯಗೃಹ, ಬರಿದಾದ ಕಟ್ಟಡಗಳಲ್ಲಿ ಇಳಿಸಬೇಕೆಂದು ಕಾಯಿದೆ ಮಾಡಿತು. ಆ ನೋವು ಅಲ್ಲಿಯ ಜನರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಸ್ವತಂತ್ರರಾದ ಮೇಲೆ 1791ರಲ್ಲಿ ತಮ್ಮ ಸಂವಿಧಾನಕ್ಕೆ ಸೇರಿಸಿದ ಮೂರನೆಯ ತಿದ್ದುಪಡಿಯಲ್ಲಿ, ಶಾಂತಿಕಾಲದಲ್ಲಿ ಯಾವ ಸಿಪಾಯಿಯನ್ನೂ ಮನೆಯೊಡೆಯನ ಒಪ್ಪಿಗೆಯಿಲ್ಲದೆ ಮನೆಯಲ್ಲಿ ಇಳಿಸತಕ್ಕುದಲ್ಲವೆಂದು ಬರೆದುಕೊಂಡರು.

ಆದರೆ ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಒಂದು ಭೇದವಿದೆ. ಆ ಜನರು ಬಾಗಿಲು ಮುಚ್ಚಿದುದು ಯಾರ ಮುಂದೆ? ದೊರೆಯ ಅಪ್ಪಣೆಯನ್ನು ಹಿಡಿದು, ಮನೆಯೊಡೆಯನ ಮಾತಿಗೆ ಬೆಲೆಯಿಲ್ಲವೆಂದು ತಿಳಿದು ಬಂದ ಅಧಿಕಾರದ ಮುಂದೆ. ಅಲ್ಲಿ ಬಲವು ಸಿಪಾಯಿಯ ಕಡೆಗಿದ್ದಿತು, ಗೃಹಸ್ಥನು ದುರ್ಬಲನಾಗಿದ್ದನು. ರಜೆ ಪಡೆದು ಊರಿಗೆ ಹೊರಟವನು, ಕೈಯಲ್ಲಿ ತನ್ನ ದುಡಿಮೆಯ ಹಣ ಹಿಡಿದು, ಹಸಿವಿನಿಂದಲೋ ದಣಿವಿನಿಂದಲೋ ಬಾಗಿಲಲ್ಲಿ ನಿಂತು ಊಟವುಂಟೆ, ಮಲಗಲು ಎಡೆಯುಂಟೆ ಎಂದು ಕೇಳುವಾಗ ಅವನು ಅಧಿಕಾರಿಯಲ್ಲ, ದಾರಿಹೋಕ. ಇಲ್ಲಿ ಬಲವು ವರ್ತಕನ ಕಡೆಗಿದೆ. ಸಮವಸ್ತ್ರ ಎರಡು ಕಡೆಯೂ ಒಂದೇ ಆದರೂ, ಅಪ್ಪಣೆ ಹಿಡಿದು ಬಂದವನನ್ನು ತಡೆಯುವುದು ಧೈರ್ಯ; ಹಸಿದು ಬಂದವನನ್ನು ತಡೆಯುವುದು ದರ್ಪ.

ದಾರಿಹೋಕನ ವಿಷಯದಲ್ಲಿ ಇಂಗ್ಲೆಂಡಿನ ಹಳೆಯ ರೂಢಿಯ ಕಾನೂನೇ ಸೊತ್ತಿನ ವಾದಕ್ಕೆ ಮಿತಿ ಹಾಕಿತ್ತು. ಪ್ರಯಾಣಿಕರಿಗೆಂದು ತಂಗುದಾಣವನ್ನು ತೆರೆದವನು, ಸ್ಥಳವಿರುವಾಗ, ಯೋಗ್ಯ ಸ್ಥಿತಿಯಲ್ಲಿ ಬಂದು ಹಣ ಕೊಡಲು ಸಿದ್ಧನಿರುವ ಯಾವ ಪ್ರಯಾಣಿಕನನ್ನೂ ಸಕಾರಣವಿಲ್ಲದೆ ಹಿಂದಕ್ಕೆ ಕಳುಹಕೂಡದು ಎಂಬುದು ಆ ಕಾನೂನು. ರಾತ್ರಿ ಕವಿದ ಮೇಲೆ ದಾರಿಯಲ್ಲಿ ಉಳಿದವನಿಗೆ ಚಳಿಯ ಭಯ, ಕಳ್ಳರ ಭಯ. ಅಲ್ಲಿ ಬಾಗಿಲು ಮುಚ್ಚುವುದೆಂದರೆ ಪ್ರಾಣವನ್ನು ಅಪಾಯಕ್ಕೆ ಒಡ್ಡಿದಂತೆ. ವೆಸ್ಟ್ ಇಂಡೀಸಿನ ಪ್ರಸಿದ್ಧ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನರನ್ನು 1943ರಲ್ಲಿ ಲಂಡನ್ನಿನ ಒಂದು ಹೋಟೆಲಿನವರು ಅವರ ಮೈಬಣ್ಣದ ದೆಸೆಯಿಂದ ಇಳಿಸಿಕೊಳ್ಳಲೊಲ್ಲದೆ ಹೋದಾಗ, ಅವರು ಇದೇ ಹಳೆಯ ಕಾನೂನನ್ನು ಹಿಡಿದು 1944ರಲ್ಲಿ ಗೆದ್ದರು. ದೊರೆತ ಪರಿಹಾರ ಕೇವಲ ಐದು ಗಿನಿ. ಆದರೆ ಕರೆದವನು ಕರೆಗೆ ಬದ್ಧನು ಎಂಬ ತತ್ತ್ವವು ನಿಂತಿತು.

ಕನ್ನಡನಾಡಿನಲ್ಲಿ ಈ ತತ್ತ್ವಕ್ಕೆ ಕಾನೂನಿನ ಪುಸ್ತಕ ಬೇಕಾಗಿರಲಿಲ್ಲ. ಅರವಟ್ಟಿಗೆಯಲ್ಲಿ ನೀರೆರೆಯುವವನು ಬೊಗಸೆ ಒಡ್ಡಿದವನ ಕಸುಬನ್ನು ಕೇಳಲಾರನು. ಕೇಳಿದರೆ ಅದು ಅರವಟ್ಟಿಗೆ ಎನಿಸಿಕೊಳ್ಳದು. ಅಂಬಿಗರ ಚೌಡಯ್ಯನವರ ಕಾಯಕವನ್ನೇ ನೋಡಬಹುದು. ದೋಣಿಯು ದಡಕ್ಕೆ ಬಂದವರನ್ನು ದಾಟಿಸಲೆಂದು ಇದೆ. ಅಂಬಿಗನು ದೋಣಿಯ ಭಾರವನ್ನು ನೋಡಬೇಕು, ಹೊಳೆಯ ಸೆಳವನ್ನು ನೋಡಬೇಕು, ಕೂಲಿಯನ್ನು ಕೇಳಬೇಕು. ದಾಟುವವನ ವೃತ್ತಿಯನ್ನು ತೂಗಲು ಕುಳಿತರೆ ಕಾಯಕ ಕೆಡುತ್ತದೆ. ಸೊತ್ತು ತನ್ನದೆಂಬ ಮಾತನ್ನು ಶರಣರು ಎಂದೂ ಪೂರ್ಣವಾಗಿ ಒಪ್ಪಿದವರಲ್ಲ. ತನುಮನಧನಗಳೆಲ್ಲ ಗುರುಲಿಂಗಜಂಗಮಕ್ಕೆ ಸಲ್ಲತಕ್ಕವೆಂದೂ ಭಕ್ತನು ಅವುಗಳ ಪಾಲಕನು ಮಾತ್ರವೆಂದೂ ತಿಳಿದವರಿಗೆ, ಅಂಗಡಿ ತನ್ನದಾದುದರಿಂದ ಮನಬಂದಂತೆ ಬಾಗಿಲು ಹಾಕಬಹುದೆಂಬ ವಾದ ಹೇಗೆ ರುಚಿಸೀತು?

ಎರಡನೆಯದು ವೃತ್ತಿಯನ್ನು ತಾನೇ ಆಯ್ದುಕೊಂಡನೆಂಬ ವಾದ. ಪಾಶ್ಚಾತ್ಯರಿಗೆ ಇದು ಬಲವಾದ ವಾದವಾಗಿ ತೋರುತ್ತದೆ. ಭಾರತದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶದಲ್ಲಿ ಮತ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಭೇದವನ್ನು ನಿಷೇಧಿಸುವಾಗ ವೃತ್ತಿಯ ಹೆಸರನ್ನು ಹೇಳಿಲ್ಲ ಎಂಬುದೂ ನಿಜ. ಆದರೆ ಈ ನಾಡಿನಲ್ಲಿ ಜಾತಿಯೆಂಬುದು ನಡೆದುಬಂದ ಬಗೆಯನ್ನು ಬಲ್ಲವನು ವೃತ್ತಿಯನ್ನೂ ಜಾತಿಯನ್ನೂ ಇಷ್ಟು ಸುಲಭವಾಗಿ ಬಿಡಿಸಲಾರನು. ತೊಗಲು ಹದಮಾಡಿದವನನ್ನು ಬಾಗಿಲಿನಿಂದ ಹೊರಗಿಟ್ಟುದು ಯಾವ ನೆವದಿಂದ? ತೊಗಲಿನ ಕೆಲಸದ ನೆವದಿಂದ. ಬಟ್ಟೆ ಒಗೆದವನನ್ನು, ಕ್ಷೌರ ಮಾಡಿದವನನ್ನು, ಬೀದಿ ಗುಡಿಸಿದವನನ್ನು ಕೀಳೆಂದುದು ಯಾವ ನೆವದಿಂದ? ಅವರ ಕೆಲಸದ ನೆವದಿಂದ. ಸಂವಿಧಾನ ಸಭೆಯಲ್ಲಿ 1948ರ ನವೆಂಬರಿನಲ್ಲಿ ಈ ವಿಷಯದ ಚರ್ಚೆ ನಡೆದಾಗ ಡಾ. ಅಂಬೇಡಕರರು ಅಂಗಡಿಯೆಂಬ ಶಬ್ದವನ್ನು ವಿಶಾಲವಾದ ಅರ್ಥದಲ್ಲಿ ತಿಳಿಯಬೇಕೆಂದು ವಿವರಿಸಿದರು. ಒಪ್ಪಿದ ಕರಾರಿನ ಮೇಲೆ ಸೇವೆ ನೀಡುವವರೆಲ್ಲ ಅದರಲ್ಲಿ ಸೇರುವರೆಂಬುದು ಅವರ ಅಭಿಪ್ರಾಯ. ಬಾಗಿಲಲ್ಲಿ ತಡೆದು ನಿಲ್ಲಿಸಿಕೊಂಡವರ ನೋವನ್ನು ಸ್ವತಃ ಉಂಡವರ ಮಾತದು. ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ 1955ರಲ್ಲಿ ಬಂದುದೂ ಇಂತಹ ಬಾಗಿಲುಗಳನ್ನು ತೆರೆಸಲೆಂದೇ.

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಮುರಿದುದು ಇದೇ ಗಂಟನ್ನು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ತಳವಾರ ಕಾಮಿದೇವಯ್ಯ ಇವರೆಲ್ಲ ತಮ್ಮ ಕಸುಬಿನ ಹೆಸರನ್ನು ಮರೆಮಾಚಿಕೊಳ್ಳದೆ ಹೆಸರಿನ ಮುಂದೆಯೇ ಇಟ್ಟುಕೊಂಡು ಶರಣರ ಸಾಲಿನಲ್ಲಿ ನಿಂತರು. ಕಾವಲು ಕಾಯುವ ತಳವಾರನ ಕಸುಬಿನಿಂದ ಸಿಪಾಯಿಯ ಕಸುಬು ಬಹುದೂರದ್ದಲ್ಲ ಎಂಬುದನ್ನೂ ಇಲ್ಲಿ ಗಮನಿಸಬಹುದು. ಹುಟ್ಟನ್ನು ಕೇಳಬಾರದೆಂದು ಹೇಳಿದ ಶರಣರು ಹುಟ್ಟಿನ ಸ್ಥಾನದಲ್ಲಿ ಕಸುಬನ್ನು ಇಟ್ಟು ಮತ್ತೊಂದು ಜಾತಿಯನ್ನು ಕಟ್ಟಲಿಲ್ಲ. ಕಸುಬಿನ ಕಾರಣದಿಂದ ಮನುಷ್ಯನನ್ನು ಹೊರಗಿಡಬಹುದೆಂದು ಇಂದು ಒಪ್ಪಿಕೊಂಡರೆ, ಕಲ್ಯಾಣದಲ್ಲಿ ಮುಂದಿನ ಬಾಗಿಲಿನಿಂದ ಹೊರಗೆ ಹಾಕಿದ ಭೂತವನ್ನೇ ಹಿತ್ತಲ ಬಾಗಿಲಿನಿಂದ ಕರೆತಂದಂತಾಗುತ್ತದೆ.

ಅಮೇರಿಕೆಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ನಡೆದ ಒಂದು ಸಂಗತಿ ಈ ಮಾತನ್ನು ಮನಗಾಣಿಸುತ್ತದೆ. ಅಲ್ಲಿಯ ಸೈನ್ಯದ ಪತ್ರಿಕೆಯಲ್ಲಿ 1944ರ ಏಪ್ರಿಲಿನಲ್ಲಿ ಕಪ್ಪುಜನಾಂಗದ ಒಬ್ಬ ಸಿಪಾಯಿಯ ಪತ್ರ ಪ್ರಕಟವಾಯಿತು. ಅವನೂ ಅವನ ಸಂಗಡಿಗರೂ ದಕ್ಷಿಣದ ಒಂದು ರೈಲು ನಿಲ್ದಾಣದಲ್ಲಿ ಊಟಕ್ಕೆ ಹೋದಾಗ ಹಿಂಬದಿಯ ಅಡಿಗೆಮನೆಗೆ ಹೋಗಿ ತೆಗೆದುಕೊಳ್ಳಿರೆಂದು ಅವರಿಗೆ ಹೇಳಿದರು. ಅದೇ ಹೊತ್ತಿಗೆ ಸೆರೆಸಿಕ್ಕ ಜರ್ಮನ್ ಸಿಪಾಯಿಗಳು ಕಾವಲುಗಾರರೊಡನೆ ಬಂದು ಮುಂದಿನ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತು ಉಂಡರು. ದೇಶಕ್ಕಾಗಿ ಪ್ರಾಣ ಕೊಡಲು ಹೊರಟವನಿಗೆ ಹಿಂದಿನ ಬಾಗಿಲು. ಆ ದೇಶದ ಮೇಲೆ ಗುಂಡು ಹಾರಿಸಿದವನಿಗೆ ಮುಂದಿನ ಮೇಜು. ಮನುಷ್ಯನನ್ನು ನೋಡದೆ ಮೈಯನ್ನು ನೋಡುವ ಕಣ್ಣು ಎಂತಹ ವಿಪರೀತಕ್ಕೆ ಹೋಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಮೈಯ ಬಣ್ಣವನ್ನು ನೋಡುವ ಕಣ್ಣೇ ಮೈಯ ಮೇಲಿನ ಬಟ್ಟೆಯನ್ನೂ ನೋಡುತ್ತದೆ. ಬಿದ್ದ ಪದರ ಬೇರೆಯಾದರೂ ಕಣ್ಣಿನ ರೋಗ ಒಂದೇ. ಜರ್ಮನ್ ಸೆರೆಯಾಳಿಗೆ ಊಟ ಕೊಟ್ಟುದು ತಪ್ಪೆಂದು ಯಾವ ಭಕ್ತನೂ ಹೇಳನು. ಹಸಿದ ವೈರಿಗೂ ಅನ್ನ ಸಲ್ಲಬೇಕು. ಒಬ್ಬನಿಗೆ ಎಡೆ ಮಾಡಿ ಮತ್ತೊಬ್ಬನನ್ನು ಹಿಂದಕ್ಕೆ ತಳ್ಳಿದುದು ಅಲ್ಲಿಯ ಪಾಪ.

ಇನ್ನುಳಿದದ್ದು ಅಂತಃಸಾಕ್ಷಿಯ ವಾದ. ಇದು ಎಲ್ಲಕ್ಕಿಂತ ಗಂಭೀರವಾದುದು. ಶರಣಪರಂಪರೆಯಲ್ಲಿಯೇ ಇದಕ್ಕೆ ಬೆಂಬಲ ದೊರೆಯುವಂತೆ ತೋರುತ್ತದೆ. ದಯೆಯೇ ಧರ್ಮದ ಬೇರು ಎಂಬುದು ಬಸವಣ್ಣನವರ ಬೋಧೆ. ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೊಡನೆ ಉಳವಿಯತ್ತ ಹೊರಟ ಶರಣರನ್ನು ದಂಡು ಬೆನ್ನಟ್ಟಿತೆಂದು ಪರಂಪರೆ ಹೇಳುತ್ತದೆ. ಆದುದರಿಂದ ಸಿಪಾಯಿಯ ಕತ್ತಿಯ ನೆನಪು ಶರಣಕುಲಕ್ಕೆ ಸಿಹಿಯಾದುದಲ್ಲ. ಇದಕ್ಕಿಂತ ಮಿಗಿಲಾಗಿ ಮಡಿವಾಳ ಮಾಚಿದೇವರ ಚರಿತ್ರೆಯಿದೆ. ದೇವರ ಹಿಪ್ಪರಗಿಯ ಆ ವೀರಶರಣರು ಶಿವಭಕ್ತರ ಬಟ್ಟೆಗಳನ್ನಲ್ಲದೆ ಭವಿಗಳ ಬಟ್ಟೆಗಳನ್ನು ಮುಟ್ಟುತ್ತಿರಲಿಲ್ಲವೆಂದೂ, ಬಿಜ್ಜಳನು ಕೆರಳಿ ದಂಡನ್ನು ಕಳುಹಿದರೂ ಅಳುಕಲಿಲ್ಲವೆಂದೂ ಪುರಾಣಗಳು ವರ್ಣಿಸುತ್ತವೆ. ಕಾಯಕಜೀವಿಯೊಬ್ಬನು ತನ್ನ ನೇಮಕ್ಕೆ ಒಗ್ಗದ ಗಿರಾಕಿಯನ್ನು ಹಿಂದಕ್ಕೆ ಕಳುಹಿದ ನಿದರ್ಶನ ಇದಲ್ಲವೆ? ಮಾಚಿದೇವರಿಗೆ ಸಲ್ಲುವ ನೇಮ ಇಂದಿನ ವರ್ತಕನಿಗೆ ಏಕೆ ಸಲ್ಲಬಾರದು?

ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಮಾಚಿದೇವರ ನೇಮದಲ್ಲಿ ಮೂರು ಸಂಗತಿಗಳನ್ನು ಕಾಣಬೇಕು. ಅವರು ಎದುರಿಸಿದುದು ಅರಸನನ್ನು. ಅಗಸನ ಕಸುಬಿನವನು ಸಿಂಹಾಸನದ ಮುಂದೆ ತಲೆಯೆತ್ತಿ ನಿಂತ ಧೈರ್ಯ ಅದು. ನಿರಾಕರಣೆಯ ನಷ್ಟವೆಲ್ಲ ಅವರ ತಲೆಯ ಮೇಲೆಯೇ ಬಿತ್ತು. ಅದರಿಂದ ಯಾವ ದಾರಿಹೋಕನೂ ಚಳಿಯಲ್ಲಿ ಮಲಗಲಿಲ್ಲ, ಹಸಿದು ಹೋಗಲಿಲ್ಲ. ಮೇಲಾಗಿ ಭವಿಯೆಂಬುದು ಹುಟ್ಟೂ ಅಲ್ಲ, ಕಸುಬೂ ಅಲ್ಲ. ಯಾವ ಕುಲದವನಾದರೂ, ಯಾವ ಕಾಯಕದವನಾದರೂ ತನ್ನ ಕಾಯಕದಲ್ಲಿದ್ದುಕೊಂಡೇ ಲಿಂಗವಂತನಾಗಬಹುದಾಗಿತ್ತು. ಆ ದಿನವೇ ಅವನ ಬಟ್ಟೆ ಮಾಚಿದೇವರ ಗಂಟಿನಲ್ಲಿ ಸೇರುತ್ತಿತ್ತು. ನ್ಯೂಪೋರ್ಟಿನ ನೃತ್ಯಮಂದಿರದವರಾದರೋ ಸಮವಸ್ತ್ರದಲ್ಲಿ ಬಂದವನಿಗೆ ಪ್ರವೇಶವಿಲ್ಲವೆಂದರು. ಸಮವಸ್ತ್ರ ಅವನ ಪ್ರತಿಜ್ಞೆಯ ಗುರುತು, ಅವನ ಅನ್ನದ ಗುರುತು. ಅದನ್ನು ಕಳಚಿಟ್ಟು ಬಾ ಎನ್ನುವುದು ಒಕ್ಕಲಿಗನಿಗೆ ನೇಗಿಲನ್ನು ಮರೆಮಾಡಿ ಬಾ ಎಂದಂತೆ. ಮಾಚಿದೇವರ ಹೆಸರನ್ನು ಆಶ್ರಯಿಸಬಯಸುವ ವರ್ತಕನು ತನ್ನನ್ನು ಕೇಳಿಕೊಳ್ಳಬೇಕಾದುದು ಇಷ್ಟು: ಈ ನೇಮದಿಂದ ನೋಯುವವರು ಯಾರು, ತಾನೋ ಬಾಗಿಲಲ್ಲಿ ನಿಂತವನೋ? ತನಗಿಂತ ಬಲಿಷ್ಠನ ಮುಂದೆ ತೋರಿದ ನೇಮವೋ, ತನ್ನ ಬಾಗಿಲಿಗೆ ಬಂದ ಒಬ್ಬಂಟಿಗನ ಮುಂದೆ ತೋರಿದ ನೇಮವೋ?

ಇದೇ ಅಳತೆಗೋಲು ಇನ್ನೊಂದು ಸಂದೇಹವನ್ನೂ ಪರಿಹರಿಸುತ್ತದೆ. ನಾಡನ್ನು ಮುತ್ತಿದ ಪರಕೀಯ ದಂಡಿಗೆ ಅಂಗಡಿಕಾರನು ಅಕ್ಕಿ ಮಾರಬೇಕೆ? ಕಿತ್ತೂರಿನ ಮೇಲೆ 1824ರಲ್ಲಿ ಕುಂಪಣಿಯ ದಂಡು ಏರಿಬಂದಾಗ ರಾಣಿ ಚೆನ್ನಮ್ಮನವರ ಪ್ರಜೆಗಳು ಆ ದಂಡಿಗೆ ಸಹಾಯ ಮಾಡಲಿಲ್ಲವೆಂದರೆ ಅದನ್ನು ಯಾರೂ ಅಧರ್ಮವೆನ್ನಲಾರರು. ಅಲ್ಲಿ ನಿರಾಕರಣೆಯು ದುರ್ಬಲರ ಆಯುಧ. ತನ್ನದೇ ಗಣರಾಜ್ಯದ ಸಿಪಾಯಿಯ ಮಾತು ಹಾಗಲ್ಲ. ಯುದ್ಧವನ್ನು ನಿರ್ಣಯಿಸುವವನು ಅವನಲ್ಲ. ಪ್ರಜೆಗಳು ಆರಿಸಿ ಕಳುಹಿದ ಸರಕಾರ ನಿರ್ಣಯಿಸುತ್ತದೆ. ಮದ್ದುಗುಂಡಿಗೆ ಹಣ ಬರುವುದು ಎಲ್ಲರೂ ತೆತ್ತ ತೆರಿಗೆಯಿಂದ. ಆ ತೆರಿಗೆಯಲ್ಲಿ ವರ್ತಕನ ಪಾಲೂ ಉಂಟು. ಯುದ್ಧ ಪಾಪವೆಂದು ನಂಬಿದವನು ಸಭೆಯಲ್ಲಿ ಮಾತಾಡಲಿ, ಪತ್ರಿಕೆಯಲ್ಲಿ ಬರೆಯಲಿ, ಮತವನ್ನು ಹಾಗೆಯೇ ಹಾಕಲಿ. ಅದಕ್ಕಾಗಿ ಸೆರೆಮನೆಗೆ ಹೋಗಬೇಕಾಗಿ ಬಂದರೆ ಹೋಗಲಿ. ಅದನ್ನೆಲ್ಲ ಬಿಟ್ಟು, ಆಜ್ಞೆ ಮಾಡಿದ ತಲೆಗೆ ನಮಸ್ಕರಿಸಿ, ಆಜ್ಞೆ ನಡೆಸಿದ ಕೈಯನ್ನು ಬಾಗಿಲಲ್ಲಿ ತಡೆಯುವುದು ಅಹಿಂಸೆಯೆನಿಸದು. ಹೊಟ್ಟೆಪಾಡಿಗಾಗಿ ದಂಡಿಗೆ ಸೇರಿದ ಬಡವರ ಮಗನಿಗೆ ಒಂದು ಊಟವನ್ನು ತಪ್ಪಿಸುವುದರಿಂದ ಯಾವ ಯುದ್ಧವೂ ನಿಂತಿಲ್ಲ. ದಯೆಯ ಹೆಸರಿನಲ್ಲಿ ಬಾಗಿಲು ಮುಚ್ಚುವವನು ಮೊದಲು ತನ್ನ ಬಾಗಿಲಲ್ಲಿ ನಿಂತವನಿಗೆ ದಯೆ ತೋರಬೇಡವೆ?

ಹೀಗಿರಲು ರಾಜ್ಯದ ಕಾಯಿದೆಯು ಏನು ಮಾಡಬೇಕು? ಅನ್ನ, ವಸತಿ, ಔಷಧ, ವಾಹನ ಇವು ಮನುಷ್ಯನ ಪ್ರಾಣಕ್ಕೂ ಮಾನಕ್ಕೂ ಅಂಟಿಕೊಂಡ ಸಂಗತಿಗಳು. ಇವುಗಳನ್ನು ಬೀದಿಗೆ ತೆರೆದಿಟ್ಟು ಮಾರುವವನು ಸಮವಸ್ತ್ರದ ಕಾರಣದಿಂದ ಯಾರನ್ನೂ ಹಿಂದಕ್ಕೆ ಕಳುಹಕೂಡದೆಂದು ಕಾಯಿದೆ ವಿಧಿಸಿದರೆ ಅದು ಧರ್ಮಕ್ಕೆ ವಿರುದ್ಧವಾಗದು. ಸಿಪಾಯಿಗೊಬ್ಬನಿಗೇ ಅಲ್ಲದೆ, ಪ್ರಾಮಾಣಿಕ ದುಡಿಮೆಯಿಂದ ಬದುಕುವ ಯಾರಿಗೇ ಆದರೂ ವೃತ್ತಿಯ ಕಾರಣದಿಂದ ಬಾಗಿಲು ಮುಚ್ಚಬಾರದೆಂದರೆ ಇನ್ನೂ ಮೇಲು. ಅದೇ ವೇಳೆ ಮನಸ್ಸಿನ ಮಾತನ್ನು ಕಾಯಿದೆ ಮುಟ್ಟಬಾರದು. ಚಿತ್ರಕಾರನಿಗೆ ಯುದ್ಧವನ್ನು ಹೊಗಳುವ ಚಿತ್ರ ಬರೆಯೆಂದೂ, ಕವಿಗೆ ದಂಡಿನ ಪ್ರಶಸ್ತಿ ಹಾಡೆಂದೂ ಬಲಾತ್ಕರಿಸಲಾಗದು. ಅನ್ನ ಕೊಡುವುದರಲ್ಲಿ ಒಪ್ಪಿಗೆಯ ಮುದ್ರೆಯಿಲ್ಲ, ಹೊಗಳುವುದರಲ್ಲಿ ಉಂಟು. ಹಾಗೆಯೇ ಸಿಪಾಯಿಗೆ ಉಳಿದ ಗಿರಾಕಿಗಳಿಗಿಂತ ಹೆಚ್ಚಿನ ಹಕ್ಕನ್ನು ಕೊಡುವುದೂ ಸಲ್ಲದು. ಕುಡಿದವನನ್ನು ಹೊರಗೆ ಕಳುಹಬಹುದು, ಹಣ ಕೊಡದವನಿಗೆ ಇಲ್ಲವೆನ್ನಬಹುದು, ಸರತಿಯನ್ನು ಮುರಿದವನನ್ನು ಹಿಂದೆ ನಿಲ್ಲಿಸಬಹುದು. ಯಾರಾದರೂ ಸಿಪಾಯಿಯಿಂದ ಊಟದ ಹಣ ತೆಗೆದುಕೊಳ್ಳದಿದ್ದರೆ ಅದು ಅವರ ಭಕ್ತಿ. ಕಾಯಿದೆಯು ಅದನ್ನು ಬೇಡಬಾರದು.

ಆದರೆ ಕಾಯಿದೆಯ ಕೈ ಬಾಗಿಲಿನವರೆಗೆ ಮಾತ್ರ ಚಾಚುತ್ತದೆ. ದಂಡದ ಭಯದಿಂದ ಬಾಗಿಲು ತೆರೆದವನು ತಟ್ಟೆಯನ್ನು ತಿರಸ್ಕಾರದಿಂದ ಕುಕ್ಕಬಹುದು. ಅಮೇರಿಕೆಯ 1911ರ ಕಾಯಿದೆ ಸಮವಸ್ತ್ರಕ್ಕೆ ಪ್ರವೇಶ ಕೊಡಿಸಬಲ್ಲದು. ಸಮವಸ್ತ್ರದೊಳಗಿನ ಮನುಷ್ಯನಿಗೆ ಆದರವನ್ನು ಕೊಡಿಸಲಾರದು. ಅಲ್ಲಿಂದ ಮುಂದಿನದು ಕಾಯಕ ಮತ್ತು ದಾಸೋಹಗಳ ಕ್ಷೇತ್ರ. ಕಾಯಕವೆಂದರೆ ಹೊಟ್ಟೆಯ ದುಡಿಮೆಯಷ್ಟೇ ಅಲ್ಲ. ದುಡಿಮೆಯ ಮೂಲಕ ಲೋಕದೊಡನೆ ಭಕ್ತನು ಇಟ್ಟುಕೊಂಡ ಸಂಬಂಧ. ನಾನು ಕೊಟ್ಟೆನೆಂಬ ಅಹಂಕಾರವನ್ನೇ ಸಹಿಸದ ದಾಸೋಹತತ್ತ್ವವು, ನಾನು ಕೊಡೆನೆಂಬ ಅಹಂಕಾರವನ್ನು ಹೇಗೆ ಸಹಿಸೀತು?

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ದಳದ ಕೇಂದ್ರವಿದೆ. ಕನ್ನಡನಾಡಿನ ಖಾನಾವಳಿಗಳಿಗೂ ಅಂಗಡಿಗಳಿಗೂ ಸಿಪಾಯಿಯು ಹೊಸಬನಲ್ಲ. ಟ್ರಂಕನ್ನು ಪಕ್ಕಕ್ಕಿಟ್ಟು ಜೋಳದ ರೊಟ್ಟಿಗೆ ಕೈಚಾಚುವ ತರುಣನನ್ನು ಯಾರೂ ಏಳೆನ್ನುವುದಿಲ್ಲ. ಬದಲಾಗಿ ಇನ್ನೊಂದು ರೊಟ್ಟಿ ಬಡಿಸುವವರೇ ಹೆಚ್ಚು. ಇದು ಸಂತೋಷದ ಸಂಗತಿ. ಆದರೆ ಸಿಪಾಯಿಗೆ ಸಂತೋಷದಿಂದ ತೆರೆದ ಬಾಗಿಲು ಬೇರೆ ಯಾರಿಗಾದರೂ ಸದ್ದಿಲ್ಲದೆ ಮುಚ್ಚುತ್ತಿದೆಯೆ ಎಂಬುದನ್ನು ಪ್ರತಿಯೊಬ್ಬ ಸದ್ಭಕ್ತನೂ ತನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು ನೋಡಿಕೊಳ್ಳಬೇಕು. ಚರಂಡಿ ತೊಳೆದು ಬಂದವನು ಅದೇ ಮೇಜಿನ ಮುಂದೆ, ಅದೇ ಲೋಟದಲ್ಲಿ ನೀರು ಕುಡಿಯುವನೆ? ಸತ್ತ ದನದ ತೊಗಲು ಸುಲಿದವನಿಗೆ ಬಾಡಿಗೆಗೆ ಕೋಣೆ ದೊರೆಯುವುದೆ? ಸಿಪಾಯಿಯ ವೃತ್ತಿಗೆ ಗೌರವವಿರುವುದರಿಂದ ಅವನಿಗೆ ಬಾಗಿಲು ತೆರೆಯುವುದು ಸುಲಭ. ಗೌರವವಿಲ್ಲದ ವೃತ್ತಿಯವನಿಗೆ ತೆರೆದಾಗಲೇ ಆ ಬಾಗಿಲು ಶರಣರ ಬಾಗಿಲೆನಿಸುವುದು.

ಕಲ್ಯಾಣದ ಮಹಾಮನೆಯಲ್ಲಿ ಪ್ರವೇಶಕ್ಕೆ ಕೇಳುತ್ತಿದ್ದುದು ಬಂದವನ ಅರಿವನ್ನು, ಆಚಾರವನ್ನು. ಅಂಗಡಿಯು ಮಹಾಮನೆಯಲ್ಲ, ಅಲ್ಲಿ ಅಷ್ಟನ್ನೂ ಕೇಳಬೇಕಾಗಿಲ್ಲ. ಬೆಲೆಗೆ ತಕ್ಕ ಹಣ, ಸ್ಥಳಕ್ಕೆ ತಕ್ಕ ನಡತೆ ಇವೆರಡಿದ್ದರೆ ಬಂದವನು ನಮ್ಮವನೆಂದೇ ತಿಳಿದು ತೂಗಿಕೊಡುವ ತಕ್ಕಡಿಯೇ ವರ್ತಕನ ಲಿಂಗಪೂಜೆಗೆ ಸಾಕ್ಷಿ. ಅಂತಹ ತಕ್ಕಡಿಯನ್ನು ಹಿಡಿಯುವ ಶಕ್ತಿಯನ್ನು ಪರಶಿವನು ಗೃಹಸ್ಥಭಕ್ತರೆಲ್ಲರಿಗೂ ಕರುಣಿಸಲಿ.